ಕೇಳದವರ ದರ

ನನ್ನ ಕಾಯಿಲೆ ಮೊದಲು ಬಂದದ್ದು ಬೆರಳುಗಳಿಗೆ. ಮಾನ್ವಿಯ ತಹಶೀಲ್ದಾರ್ ಕಚೇರಿಯ ಎದುರಿಗೆ ಒಂದು ಡಿಟಿಪಿ ಅಂಗಡಿ ಇದೆ. ಅಲ್ಲಿ ಹನ್ನೊಂದು ವರ್ಷದಿಂದ ನಾನು ಟೈಪ್ ಮಾಡುತ್ತೇನೆ. ಪಹಣಿ ತಿದ್ದುಪಡಿಯ ಅರ್ಜಿ, ವಿಧವಾ ವೇತನದ ಅರ್ಜಿ, ಮದುವೆ ಕಾರ್ಡು, ಬಾಡಿಗೆ ಕರಾರು, ಹೀಗೆ ಬೇರೆಯವರ ಬದುಕಿನ ಕಾಗದಗಳು. ಒಂದು ಬೆಳಿಗ್ಗೆ ಎದ್ದಾಗ ಬಲಗೈ ಬೆರಳುಗಳು ಮಡಚಲಿಲ್ಲ. ಬಿಸಿನೀರಿನಲ್ಲಿ ಇಟ್ಟುಕೊಂಡೆ. ಮಧ್ಯಾಹ್ನದ ಹೊತ್ತಿಗೆ ಸಡಿಲಾದವು. ಆ ವರ್ಷ ನಮ್ಮ ಓಣಿಯಲ್ಲಿ ಮನೆಗೊಬ್ಬರು ಚಿಕೂನ್‌ಗುನ್ಯಾ ಎಂದು ಮೊಣಕಾಲು ಹಿಡಿದುಕೊಂಡು ಕುಳಿತಿದ್ದರು. ನನ್ನದೂ ಅದೇ ಇರಬೇಕು ಎಂದುಕೊಂಡು ಐದಾರು ತಿಂಗಳು ನೋವಿನ ಮಾತ್ರೆ ನುಂಗುತ್ತಲೇ ಕೆಲಸ ಮಾಡಿದೆ.

ಆಮೇಲೆ ಕೆನ್ನೆ ಕೆಂಪಾಯಿತು. ತಲೆ ಬಾಚಿದರೆ ಹಣಿಗೆಯ ತುಂಬ ಕೂದಲು. ನಮ್ಮ ಅತ್ತೆ ಉಷ್ಣ ಎಂದು ಮಜ್ಜಿಗೆ ಕುಡಿಸಿದರು, ಗಂಧ ತೇಯ್ದು ಹಚ್ಚಿದರು. ಪಾದ ಊದಿಕೊಂಡು ಚಪ್ಪಲಿ ಹಾಕಿಕೊಳ್ಳಲು ಆಗದಿದ್ದ ದಿನ ನನ್ನ ಗಂಡ ಮೌನೇಶ ಕೆಲಸಕ್ಕೆ ಹೋಗದೆ ನನ್ನನ್ನು ರಾಯಚೂರಿಗೆ ಕರೆದುಕೊಂಡು ಹೋದ. ಅವನು ಅಕ್ಕಿ ಗಿರಣಿಯಲ್ಲಿ ಫಿಟ್ಟರ್. ಯಂತ್ರ ಸದ್ದು ಬದಲಿಸಿದರೆ ತಕ್ಷಣ ಅವನಿಗೆ ಗೊತ್ತಾಗುತ್ತದೆ. ನನ್ನ ಸದ್ದು ಬದಲಾಗಿದೆ ಎಂದು ಅವನಿಗೆ ಅವತ್ತೇ ಗೊತ್ತಾಗಿರಬೇಕು, ದಾರಿಯುದ್ದಕ್ಕೂ ನನ್ನ ಕಾಲುಗಳನ್ನೇ ನೋಡುತ್ತಿದ್ದ.

ರಕ್ತ, ಮೂತ್ರ, ಆಮೇಲೆ ಬೆನ್ನಿನಿಂದ ಸೂಜಿ ಹಾಕಿ ಕಿಡ್ನಿಯ ಒಂದು ಚೂರು. ವಾರದ ನಂತರ ಡಾಕ್ಟರು ಲೂಪಸ್ ಎಂದರು, ಕಿಡ್ನಿಗೆ ಇಳಿದಿದೆ ಎಂದರು. ಅದು ಏನು, ಯಾಕೆ ಬರುತ್ತದೆ ಎಂದು ಅವರು ಹೇಳಿದ್ದು ನನಗೆ ಅವತ್ತು ಕೇಳಿಸಲೇ ಇಲ್ಲ. ನೆನಪಿನಲ್ಲಿ ಉಳಿದದ್ದು ಮೂರು ಮಾತು. ಮಾತ್ರೆ ಬಿಡಬಾರದು, ಬಿಸಿಲಿಗೆ ಹೋಗಬಾರದು, ಇನ್ನೊಂದು ಮಗುವಿನ ಯೋಚನೆ ಸದ್ಯಕ್ಕೆ ಬೇಡ. ಮೂರನೆಯದಕ್ಕೆ ನನಗೆ ದುಃಖವಾಗಲಿಲ್ಲ, ಏಳು ವರ್ಷದ ಮಗಳಿದ್ದಾಳೆ. ಎರಡನೆಯದಕ್ಕೆ ನಗು ಬಂತು. ರಾಯಚೂರು ಜಿಲ್ಲೆಯಲ್ಲಿದ್ದುಕೊಂಡು ಬಿಸಿಲಿಗೆ ಹೋಗದೆ ಎಲ್ಲಿಗೆ ಹೋಗುವುದು? ಮೊದಲನೆಯ ಮಾತು ಮಾತ್ರ ಸುಲಭದ್ದು ಅನಿಸಿತ್ತು.

ಆಸ್ಪತ್ರೆಯ ಕೆಳಗಿನ ಔಷಧಿ ಅಂಗಡಿಯಲ್ಲಿ ಸಾಲಿನಲ್ಲಿ ನಿಂತೆವು. ಮೈಕೋಫೆನೊಲೇಟ್ ಎಂಬ ಮಾತ್ರೆ, ಬೆಳಿಗ್ಗೆ ಎರಡು, ಸಂಜೆ ಎರಡು. ಹನ್ನೆರಡು ಸ್ಟ್ರಿಪ್ ಎಣಿಸಿ ಕೊಟ್ಟು ಬಿಲ್ ಮುಂದಿಟ್ಟರು. ಮೌನೇಶ ಅದನ್ನು ಎರಡು ಸಲ ನೋಡಿ, ಇದು ಎಷ್ಟು ತಿಂಗಳದ್ದು ಎಂದು ಕೇಳಿದ. ಒಂದು ತಿಂಗಳದ್ದು ಎಂದರು. ನನ್ನ ತಿಂಗಳ ಪಗಾರಕ್ಕಿಂತ ಅದು ಹೆಚ್ಚಿತ್ತು. ಅವನು ಬಿಲ್ಲನ್ನು ನಾಲ್ಕು ಮಡಿಕೆ ಮಾಡಿ ಅಂಗಿ ಜೇಬಿಗೆ ಹಾಕಿಕೊಂಡ. ಬಸ್‌ಸ್ಟ್ಯಾಂಡಿಗೆ ಬಂದ ಮೇಲೆ, ಚಹಾ ಕುಡಿಯೋಣ ಎಂದ. ಅಷ್ಟೇ.

ಕಿಡ್ನಿ ಡಾಕ್ಟರನ್ನು ನೋಡಲು ತಿಂಗಳಿಗೊಮ್ಮೆ ಹೋಗಬೇಕಿತ್ತು. ಬೆಳಿಗ್ಗೆ ಎಂಟಕ್ಕೆ ಟೋಕನ್ ತೆಗೆದುಕೊಂಡರೆ ಮಧ್ಯಾಹ್ನ ಎರಡಕ್ಕೆ ಸರದಿ. ಕಬ್ಬಿಣದ ಕುರ್ಚಿಗಳು, ಸದ್ದು ಇಲ್ಲದ ಟೀವಿ, ಎಲ್ಲರ ಮಡಿಲಲ್ಲೂ ಒಂದೊಂದು ಪ್ಲಾಸ್ಟಿಕ್ ಕವರಿನಲ್ಲಿ ರಿಪೋರ್ಟು. ಅಲ್ಲಿ ಕಾಯುವವರು ಒಬ್ಬರನ್ನೊಬ್ಬರು ಹೆಚ್ಚು ಮಾತಾಡಿಸುವುದಿಲ್ಲ. ಪಕ್ಕದವರ ಕಾಲಿನ ಊತವನ್ನು ಮಾತ್ರ ಕಳ್ಳತನದಿಂದ ನೋಡುತ್ತಾರೆ, ತಮ್ಮದಕ್ಕಿಂತ ಹೆಚ್ಚೋ ಕಡಿಮೆಯೋ ಎಂದು.

ಮೂರನೆಯ ಸಲ ಹೋದಾಗ ಎದುರಿಗೆ ಕುಳಿತಿದ್ದ ಒಬ್ಬ ಹುಡುಗಿ ನನ್ನ ಮುಖವನ್ನೇ ನೋಡುತ್ತಿದ್ದಳು. ಸ್ಟೀರಾಯ್ಡ್ ಮಾತ್ರೆಯಿಂದ ನನ್ನ ಮುಖ ಉಬ್ಬಿ ದುಂಡಗಾಗಿತ್ತು. ಅವಳದೂ ಹಾಗೇ ಇತ್ತು. ಎದ್ದು ಬಂದು ಪಕ್ಕದಲ್ಲಿ ಕುಳಿತು, "ಅಕ್ಕಾ, ನಿಮಗೂ ಅದೇ ಏನ್ರೀ?" ಎಂದಳು. ಯಾವುದು ಎಂದು ನಾನು ಕೇಳಲಿಲ್ಲ. ಹೂಂ ಎಂದೆ. ಇಬ್ಬರೂ ನಕ್ಕೆವು. ಮೂರು ತಿಂಗಳಲ್ಲಿ ನನ್ನ ಮುಖ ಕಂಡು ಅಯ್ಯೋ ಅನ್ನದೆ ನಕ್ಕವಳು ಅವಳೊಬ್ಬಳೇ.

ಹೆಸರು ರೇಣುಕಾ, ದೇವದುರ್ಗದವಳು, ವಯಸ್ಸು ಇಪ್ಪತ್ತಮೂರು. ಜೊತೆಗೆ ಬಂದಿದ್ದವಳು ತಾಯಿ ಅಂಬಮ್ಮ. ದೇವದುರ್ಗದ ಬಸ್‌ಸ್ಟ್ಯಾಂಡಿನ ಖಾನಾವಳಿಗೆ ಜೋಳದ ರೊಟ್ಟಿ ಬಡಿದು ಕೊಡುವವಳು. ರೇಣುಕಾಳಿಗೆ ಮದುವೆಯಾಗಿ ವರ್ಷ ತುಂಬಿತ್ತು. ಗಂಡನ ಮನೆಯವರು ಮೂರು ತಿಂಗಳ ಮಾತ್ರೆ ಒಟ್ಟಿಗೇ ಕೊಡಿಸಿದ್ದರು. ಮಗು ಸದ್ಯಕ್ಕೆ ಬೇಡ ಎಂದು ಡಾಕ್ಟರು ಹೇಳಿದ ಮೇಲೆ, ಆರಾಮಾದ ಮೇಲೆ ಬಾ ಎಂದು ಮಾತ್ರೆಗಳ ಸಮೇತ ತವರಿಗೆ ಬಿಟ್ಟು ಹೋಗಿದ್ದರು. ಆಮೇಲೆ ಫೋನು ಕೂಡ ಇಲ್ಲ. ಇದನ್ನೆಲ್ಲ ಹೇಳಿದ್ದು ಅಂಬಮ್ಮ. ರೇಣುಕಾ ಆಗ ಟೀವಿ ನೋಡುತ್ತಿದ್ದಳು.

ಐದನೆಯ ತಿಂಗಳು ನಾನು ಮಾತ್ರೆ ಅರ್ಧ ಮಾಡಿದೆ.

ಕಾಲುವೆಯಲ್ಲಿ ನೀರಿಲ್ಲದ ತಿಂಗಳುಗಳಲ್ಲಿ ಗಿರಣಿ ಅರ್ಧ ನಿಂತಿರುತ್ತದೆ, ಮೌನೇಶನಿಗೆ ಪಗಾರವೂ ಅರ್ಧ. ಮಾನ್ವಿಯ ಮೆಡಿಕಲ್ ಅಂಗಡಿಯಲ್ಲಿ ವಿಚಾರಿಸಿದರೆ, ಆ ಮಾತ್ರೆ ಇಲ್ಲಿ ಹೋಗುವುದಿಲ್ಲ, ಇಡೀ ಡಬ್ಬಿ ತೆಗೆದುಕೊಳ್ಳುವುದಾದರೆ ತರಿಸುತ್ತೇನೆ ಎಂದರು. ಮಗಳ ಶಾಲೆ ಶುರುವಾಗುವುದಿತ್ತು. ಬೆಳಿಗ್ಗೆ ಒಂದು, ಸಂಜೆ ಒಂದು ಮಾಡಿಕೊಂಡೆ. ಮೌನೇಶನಿಗೆ ಡಾಕ್ಟರೇ ಕಡಿಮೆ ಮಾಡಿದ್ದಾರೆ ಎಂದು ಹೇಳಿದೆ. ಆ ಮಾತು ಕೇಳಿ ಅವನ ಮುಖ ಅರಳಿದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಅವ್ವಾ, ಆಕಿದು ಕಡಿಮಿ ಆಗಾಕತ್ತದ ಎಂದು ಅಡುಗೆಮನೆಗೆ ಹೋಗಿ ಅತ್ತೆಗೆ ಹೇಳಿ ಬಂದ. ಅತ್ತೆ ಮನೆದೇವರಿಗೆ ಕಾಯಿ ಒಡೆಸಿದರು.

ಎರಡು ತಿಂಗಳ ಮೇಲಿನ ರಿಪೋರ್ಟೂ ಚೆನ್ನಾಗಿಯೇ ಬಂತು. ಸ್ಟೀರಾಯ್ಡ್ ಇನ್ನೂ ಜೋರಾಗಿ ನಡೆದಿತ್ತು, ಅದರ ಆಸರೆಯಲ್ಲಿ ಬಂದದ್ದು ಅದು. ಅವತ್ತು ಅದು ನನಗೆ ತಿಳಿದಿರಲಿಲ್ಲ. ಡಾಕ್ಟರು ಮಾತ್ರೆ ತೆಗೆದುಕೊಳ್ಳುತ್ತಿದ್ದೀರಾ ಎಂದು ಕೇಳಿದಾಗ ತೆಗೆದುಕೊಳ್ಳುತ್ತಿದ್ದೇನೆ ಎಂದೆ. ಸುಳ್ಳಲ್ಲ, ತೆಗೆದುಕೊಳ್ಳುತ್ತಿದ್ದೆ. ಎಷ್ಟು ಎಂದು ಅವರು ಕೇಳಲಿಲ್ಲ.

ಹೊರಗೆ ಬಂದರೆ ರೇಣುಕಾ ಕುಳಿತಿದ್ದಳು. ಅಂಬಮ್ಮ ಚಹಾ ತರಲು ಹೋಗಿದ್ದಳು. ಗಂಡನ ಮನೆಯವರು ಕೊಡಿಸಿದ ಮಾತ್ರೆ ಮುಗಿದ ಮೇಲೆ ಏನು ಮಾಡುವುದು ಎಂಬ ಚಿಂತೆ ಅವಳಿಗೆ. ತಾಯಿಯ ರೊಟ್ಟಿಯ ರೊಕ್ಕದಲ್ಲಿ ಅದು ಆಗುವ ಮಾತಲ್ಲ.

"ನೀವು ಹೆಂಗ ಮಾಡ್ತೀರಿ ಅಕ್ಕಾ?" ಎಂದು ಕೇಳಿದಳು.

ನಾನು ದನಿ ತಗ್ಗಿಸಿ ಹೇಳಿದೆ, "ನಾ ಒಂದೊಂದೇ ತೊಗೊಳಾಕತ್ತೀನಿ. ಎರಡು ತಿಂಗಳಾತು. ಏನೂ ಆಗಿಲ್ಲ, ರಿಪೋರ್ಟ್ ಚೊಲೋ ಬಂದದ. ಒಂದು ಸಾಕಾಗ್ತದ ಕಾಣ್ತದ."

ಅವಳು ನನ್ನ ರಿಪೋರ್ಟು ಇಸಿದುಕೊಂಡು ನೋಡಿದಳು. ಓದಲು ಬರುತ್ತಿತ್ತು, ಅರ್ಥವಾಗುತ್ತಿರಲಿಲ್ಲ. ನನಗೂ ಅಷ್ಟೇ. ಕೆಂಪು ಅಕ್ಷರಗಳು ಎಲ್ಲಿವೆ, ಎಷ್ಟಿವೆ ಎಂದು ಮಾತ್ರ ಇಬ್ಬರೂ ನೋಡಿದೆವು.

ಮುಂದಿನ ಎರಡು ತಿಂಗಳು ನಾನು ಆಸ್ಪತ್ರೆಗೇ ಹೋಗಲಿಲ್ಲ. ಚೆನ್ನಾಗಿದ್ದೇನಲ್ಲ, ಬಸ್ಸಿನ ಖರ್ಚು, ರಕ್ತ ಪರೀಕ್ಷೆಯ ಖರ್ಚು ಯಾಕೆ ಎಂದುಕೊಂಡೆ. ಒಂದು ದಿನ ಡಿಟಿಪಿ ಅಂಗಡಿಯ ಎರಡು ಮೆಟ್ಟಿಲು ಹತ್ತುವುದರೊಳಗೆ ಉಸಿರು ನಿಂತಂತಾಯಿತು. ಕುಳಿತರೆ ಉಸಿರು, ಮಲಗಿದರೆ ಇಲ್ಲ. ಮೌನೇಶ ಗಿರಣಿಯಿಂದ ಎಣ್ಣೆ ಕೈಯಲ್ಲೇ ಓಡಿ ಬಂದ. ರಾಯಚೂರು ಮುಟ್ಟುವವರೆಗೆ ನಾನು ಜೀಪಿನ ಕಿಟಕಿಗೆ ಬಾಯಿ ಇಟ್ಟುಕೊಂಡೇ ಇದ್ದೆ. ಎದೆಯಲ್ಲಿ ನೀರು ತುಂಬಿತ್ತು.

ಮೂರನೆಯ ದಿನ ಸ್ವಲ್ಪ ಮಾತಾಡುವಂತಾದಾಗ ಡಾಕ್ಟರು ಬಂದು ಮಾತ್ರೆ ಸರಿಯಾಗಿ ತೆಗೆದುಕೊಂಡಿದ್ದೀರಾ ಎಂದು ಕೇಳಿದರು. ಹೂಂ ಎಂದೆ. ಅವರು ಮೌನೇಶನ ಕಡೆ ತಿರುಗಿದರು.

"ನೀವೇ ಅರ್ಧ ಮಾಡೀರಂತಲ್ರೀ ಸರ್" ಎಂದ ಅವನು.

ಆ ವಾರ್ಡಿನಲ್ಲಿ ಹನ್ನೆರಡು ಮಂಚಗಳಿದ್ದವು. ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆ ಅನಿಸಿತು. ಡಾಕ್ಟರು ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು. ಯಾಕೆ ಎಂದು ಕೇಳಿದರು. ರೊಕ್ಕ ಇರಲಿಲ್ಲ ಎಂದೆ. ಮೊದಲೇ ಹೇಳಬೇಕಿತ್ತು ಎಂದರು. ಹೇಳಿದ್ದರೆ ನೀವೇನು ಮಾಡುತ್ತಿದ್ದಿರಿ ಎಂದು ಕೇಳುವಷ್ಟು ಉಸಿರು ನನ್ನಲ್ಲಿ ಇರಲಿಲ್ಲ. ಆದರೆ ಅವರು ಮಾಡಿದರು. ಇನ್ನೊಂದು ಚೀಟಿ ತೆಗೆದುಕೊಂಡು ಕಂಪನಿಯ ಹೆಸರಿಲ್ಲದೆ ಔಷಧದ ಹೆಸರು ಮಾತ್ರ ದೊಡ್ಡ ಅಕ್ಷರಗಳಲ್ಲಿ ಬರೆದು, ಹೊರಗೆ ನಾಲ್ಕು ಕಡೆ ಈ ಹೆಸರಿನಲ್ಲಿ ವಿಚಾರಿಸಿ, ತಂದು ನನಗೆ ತೋರಿಸಿ ಎಂದರು. ಇಂಥ ಒಂದು ಚೀಟಿ ಇರಬಹುದು ಎಂದು ಅಲ್ಲಿಯವರೆಗೆ ನನಗೆ ಯಾರೂ ಹೇಳಿರಲಿಲ್ಲ.

ಮೌನೇಶ ಹೊರಗೆ ಹೋದವನು ಬಹಳ ಹೊತ್ತಿನ ಮೇಲೆ ಬಂದ. ಮಂಚದ ಅಂಚಿಗೆ ಕುಳಿತು ನನ್ನ ಕಡೆ ನೋಡದೆ ಹೇಳಿದ, "ಗಿರಣ್ಯಾಗ ಒಂದು ಬೆಲ್ಟ್ ಸವದ್ರ ನನಗ ಬಂದು ಹೇಳ್ತಾರ. ನೀ ಹೇಳ್ಲಿಲ್ಲ."

ಎಂಟು ದಿನದ ನಂತರ ಬಿಡುಗಡೆಯಾದಾಗ ನೇರವಾಗಿ ಬಸ್‌ಸ್ಟ್ಯಾಂಡಿಗೆ ಹೋಗದೆ ಅಂಗಡಿ ಸುತ್ತಲು ಹೊರಟೆವು. ನಾನೊಬ್ಬನೇ ಹೋಗಿ ಬರುತ್ತೇನೆ, ನೀನು ನೆರಳಿನಲ್ಲಿ ಕುಳಿತಿರು ಎಂದು ಅವನು ಹೇಳಿದ. ನಾನು ಒಪ್ಪಲಿಲ್ಲ. ಕೊಡೆ ಹಿಡಿದುಕೊಂಡು, ಮುಖಕ್ಕೆ ಸೆರಗು ಕಟ್ಟಿಕೊಂಡು ನಡೆದೆ. ಆಸ್ಪತ್ರೆಯ ಎದುರಿನ ಅಂಗಡಿಯಲ್ಲಿ ಅದೇ ಕಂಪನಿಯ ಮಾತ್ರೆ ಅಲ್ಪಸ್ವಲ್ಪ ಕಡಿಮೆಗೆ ಇತ್ತು. ಅದರಾಚೆಯ ಅಂಗಡಿಯಲ್ಲಿ, ಕಾಯಂ ಗಿರಾಕಿಯಾದರೆ ನೂರಕ್ಕೆ ಹತ್ತು ಬಿಡುತ್ತೇನೆ ಎಂದರು. ಇಷ್ಟೇ ಇರಬೇಕು ಉಳಿತಾಯ ಎಂದು ಮೌನೇಶ ಅಲ್ಲೇ ಕೊಳ್ಳಲು ಹೊರಟ. ಇನ್ನೊಂದು ನೋಡೋಣ ಎಂದೆ. ಮೂರನೆಯ ಅಂಗಡಿಯವನು ಚೀಟಿಯನ್ನು ಪೂರ್ತಿ ನೋಡದೆಯೇ ಇಲ್ಲ ಎಂದ.

ನಾಲ್ಕನೆಯ ಅಂಗಡಿಯವನು ಒಂದು ಬೇರೆ ಡಬ್ಬಿ ತೆಗೆದು, "ಇದೂ ಅದೇರೀ ಅಕ್ಕಾರ, ಕಣ್ಣು ಮುಚ್ಚಿ ತೊಗೊಳ್ರಿ" ಎಂದ. ಬೆಲೆ ಬಹಳ ಕಡಿಮೆ ಇತ್ತು. ಮೌನೇಶನ ಕೈ ಜೇಬಿಗೆ ಹೋಯಿತು. ನಾನು ಡಬ್ಬಿ ಇಸಿದುಕೊಂಡು ಅಕ್ಷರ ಓದಿದೆ. ಒಂದು ಒತ್ತಕ್ಷರ ತಪ್ಪಿದರೆ ಅರ್ಜಿ ತಿರುಗಿ ಬರುವ ಊರಿನಲ್ಲಿ ಹನ್ನೊಂದು ವರ್ಷ ಟೈಪ್ ಮಾಡಿದವಳು ನಾನು. ಮೊದಲ ಹೆಸರು ಅದೇ, ಬಾಲಕ್ಕೆ ಬೇರೊಂದು ಪದವಿತ್ತು. ಮಿಲಿಗ್ರಾಮಿನ ಅಂಕಿಯೂ ಬೇರೆ. ಬೇಡ ಎಂದು ಇಟ್ಟೆ. ಡಾಕ್ಟರಿಗಿಂತ ನಿಮಗೇ ಹೆಚ್ಚು ಗೊತ್ತು ಎಂದು ಅಂಗಡಿಯವನು ಹಿಂದಿನಿಂದ ಗೊಣಗಿದ. ಅದು ಬೇರೆ ಬಗೆಯದು, ಅದರ ಲೆಕ್ಕವೇ ಬೇರೆ ಎಂದು ಆಮೇಲೆ ಡಾಕ್ಟರು ಹೇಳಿದರು.

ಅಷ್ಟು ಹೊತ್ತಿಗೆ ಕಾಲು ಮತ್ತೆ ಭಾರವಾಗಿತ್ತು. ಒಂದು ಗಲ್ಲಿಯೊಳಗೆ ಜೆನೆರಿಕ್ ಔಷಧಿ ಎಂದು ಬರೆದಿದ್ದ ಸಣ್ಣ ಅಂಗಡಿ ಕಂಡಿತು. ಅದಕ್ಕಿಂತ ಮುಂದೆ ನಡೆಯಲು ನನಗೆ ಆಗದ್ದರಿಂದಲೇ ಅಲ್ಲಿ ನಿಂತದ್ದು. ಒಳಗಿದ್ದವರು ಅರವತ್ತು ದಾಟಿದವರು. ಚೀಟಿಯನ್ನು ಓದಿ, ಹಳೆಯ ಖಾಲಿ ಸ್ಟ್ರಿಪ್ ಇದ್ದರೆ ತೋರಿಸಿ ಎಂದರು. ತೋರಿಸಿದೆ. ತಮ್ಮದೊಂದು ಸ್ಟ್ರಿಪ್ ತೆಗೆದು ಎರಡನ್ನೂ ಅಕ್ಕಪಕ್ಕ ಇಟ್ಟು, ಬೆರಳಿನಿಂದ ಸಾಲು ಸಾಲಾಗಿ ತೋರಿಸಿದರು. ಅದೇ ಹೆಸರು, ಅದೇ ಮಿಲಿಗ್ರಾಂ. ಮೇಲೆ ಮುದ್ರಿಸಿದ ಬೆಲೆಯೂ ಹೆಚ್ಚುಕಡಿಮೆ ಅಷ್ಟೇ ಇತ್ತು. ಮೌನೇಶ ನಿಟ್ಟುಸಿರು ಬಿಟ್ಟ. ಆದರೆ ಅವರು ಕ್ಯಾಲ್ಕುಲೇಟರಿನಲ್ಲಿ ತೋರಿಸಿದ ಅಂಕಿ ಅದರ ಮೂರನೆಯ ಒಂದು ಭಾಗವೂ ಇರಲಿಲ್ಲ.

ತಪ್ಪಾಗಿದೆ ಎಂದುಕೊಂಡು ನಾನು ಸ್ಟ್ರಿಪ್ಪಿನ ಮೇಲಿನ ಬೆಲೆಯನ್ನು ತೋರಿಸಿದೆ. ನಾನು ಇಷ್ಟಕ್ಕೇ ಕೊಡುವುದು ಎಂದರು.

"ಹಂಗಾದ್ರ ಈ ಬರದಿರೋ ದರ ಯಾರಿಗ್ರೀ?" ಎಂದು ಕೇಳಿದೆ.

"ಕೇಳದವರಿಗೆ, ಯಮ್ಮಾ" ಎಂದರು ಅವರು. ನಗಲಿಲ್ಲ. ಸ್ಟ್ರಿಪ್ಪುಗಳನ್ನು ಎಣಿಸಿ ಕಾಗದದ ಚೀಲಕ್ಕೆ ಹಾಕತೊಡಗಿದರು.

ನನಗೆ ಸಂತೋಷವಾಗಬೇಕಿತ್ತು. ಅಂಗಡಿಯ ಕಟ್ಟೆಯ ಮೇಲೆ ಕುಳಿತುಬಿಟ್ಟೆ. ನಾನು ಅರ್ಧ ಮಾತ್ರೆಯಲ್ಲಿ ದಿನ ದೂಡಿದ್ದ ಅಷ್ಟೂ ತಿಂಗಳು ಈ ಗಲ್ಲಿಯಲ್ಲಿ ಈ ಅಂಗಡಿ ತೆರೆದೇ ಇತ್ತು. ಆಸ್ಪತ್ರೆಗೂ ಇದಕ್ಕೂ ಹತ್ತು ನಿಮಿಷದ ದಾರಿ. ನೀರು ಕುಡಿ ಎಂದು ಮೌನೇಶ ಬಾಟಲಿ ಕೊಟ್ಟ. ಆಗಲೇ ರೇಣುಕಾ ನೆನಪಾದಳು. ನೆನಪಾದಳು ಎನ್ನುವುದು ಸುಳ್ಳು. ವಾರ್ಡಿನಲ್ಲಿ ಮಲಗಿದ್ದಾಗಲೂ ಅವಳು ಮನಸ್ಸಿನಲ್ಲಿ ಇದ್ದಳು, ನಾನೇ ಮುಖ ತಿರುಗಿಸಿಕೊಂಡಿದ್ದೆ. ಆಸ್ಪತ್ರೆಯಲ್ಲಿ ಅವಳು ಕೊಟ್ಟಿದ್ದ ನಂಬರಿಗೆ ಕಟ್ಟೆಯ ಮೇಲಿಂದಲೇ ಫೋನ್ ಮಾಡಿದೆ. ಸ್ವಿಚ್ ಆಫ್. ಮರುದಿನವೂ ಹಾಗೇ, ಮುಂದಿನ ವಾರವೂ ಹಾಗೇ.

ಆ ಅಗ್ಗದ ಮಾತ್ರೆ ನಕಲಿ ಇರಬಹುದೆಂದು ಅತ್ತೆಗೆ ಅನುಮಾನ. ನನಗೂ ಇತ್ತು. ಡಾಕ್ಟರಿಗೆ ತೋರಿಸಿದೆವು. ಅವರು ತಿರುಗಿಸಿ ನೋಡಿ, ತೆಗೆದುಕೊಳ್ಳಿ, ಹದಿನೈದು ದಿನಕ್ಕೊಮ್ಮೆ ಪರೀಕ್ಷೆ ಮಾಡಿಸೋಣ, ರಿಪೋರ್ಟು ಹೇಳುತ್ತದೆ ಎಂದರು. ಎರಡನೆಯ ಪರೀಕ್ಷೆಯಲ್ಲಿ ಮೂತ್ರದಲ್ಲಿ ಹೋಗುತ್ತಿದ್ದ ಪ್ರೋಟೀನು ಇಳಿದಿತ್ತು. ಅವತ್ತು ಟೋಕನ್ ಕೊಡುವವಳ ಹತ್ತಿರ ರೇಣುಕಾಳ ಬಗ್ಗೆ ಕೇಳಿದೆ. ಆ ಹುಡುಗಿ ಈಗ ಈ ವಿಭಾಗಕ್ಕೆ ಬರುವುದಿಲ್ಲ ಎಂದಳು. ಬೇರೆ ಎಲ್ಲಿಗೆ ಬರುತ್ತಾಳೆ ಎಂದು ಕೇಳಲು ನನಗೆ ಧೈರ್ಯ ಬರಲಿಲ್ಲ. ಗಲ್ಲಿಯ ಅಂಗಡಿಯಲ್ಲಿ ಎರಡು ಸ್ಟ್ರಿಪ್ ಹೆಚ್ಚಿಗೆ ಕೊಂಡೆ.

ಆ ಭಾನುವಾರ ಸಿರವಾರದಲ್ಲಿ ಬಸ್ಸು ಬದಲಿಸಿ ದೇವದುರ್ಗಕ್ಕೆ ಹೋದೆ. ಖಾನಾವಳಿಯಲ್ಲಿ ಕೇಳಿದರೆ ಅಂಬಮ್ಮನ ಮನೆ ತೋರಿಸಿದರು. ಬಾಗಿಲಿಗೆ ಮುಟ್ಟುವ ಮೊದಲೇ ರೊಟ್ಟಿ ಬಡಿಯುವ ಸದ್ದು ಕೇಳಿಸುತ್ತಿತ್ತು. ಒಂದೇ ಕೋಣೆಯ ಮನೆ. ಒಲೆಯ ಮುಂದೆ ಅಂಬಮ್ಮ, ಗೋಡೆಯ ಹತ್ತಿರ ಮಂಚದ ಮೇಲೆ ರೇಣುಕಾ. ಮುಖದ ದುಂಡು ಇಳಿದುಹೋಗಿ ಮೂಳೆ ಕಾಣುತ್ತಿತ್ತು. ಕುತ್ತಿಗೆಯ ಬಲಕ್ಕೆ ಬಿಳಿ ಪಟ್ಟಿ, ಅದರೊಳಗಿಂದ ಎರಡು ಸಣ್ಣ ನಳಿಕೆ.

ಅವಳೇ ಮಾತಾಡಿದಳು. ಸೋಮವಾರ ಮತ್ತು ಗುರುವಾರ ರಾಯಚೂರಿನಲ್ಲಿ ಡಯಾಲಿಸಿಸ್. ಬೆಳಿಗ್ಗೆ ಮೊದಲ ಬಸ್ಸಿಗೆ ಹೋಗಿ ಸಂಜೆ ಬರುವುದು. ಎರಡೂ ಕಿಡ್ನಿ ಹೋಗಿವೆ ಎಂದಿದ್ದಾರೆ. ಫೋನನ್ನು ಅವ್ವ ಮಾರಿದಳು. ಬಾಯಾರಿದರೂ ನೀರು ಅಳೆದು ಕುಡಿಯಬೇಕು, ಅದೊಂದೇ ಕಷ್ಟ ಎಂದಳು. ಅದೊಂದೇ ಎಂದು ಹೇಗೆ ಹೇಳಿದಳೋ.

ಬಸ್ಸಿನಲ್ಲಿ ನಾನು ಏನೇನೋ ಜೋಡಿಸಿಕೊಂಡು ಬಂದಿದ್ದೆ. ಎಲ್ಲ ಬಿಟ್ಟು ಹೋಯಿತು.

"ರೇಣುಕಾ, ಅವತ್ತು ಒಂದು ಸಾಕಾಗ್ತದ ಅಂತ ನಾ ನಿನಗ ಹೇಳಿದ್ದೆ" ಎಂದೆ. "ನನಗೂ ಸಾಕಾಗ್ಲಿಲ್ಲ. ನಾನೂ ದವಾಖಾನಿ ಸೇರಿ ಬಂದೆ."

ರೊಟ್ಟಿ ಬಡಿಯುವ ಸದ್ದು ನಿಂತಿತು. ಅಂಬಮ್ಮ ತಿರುಗಲಿಲ್ಲ. ಹಿಟ್ಟಿನ ಕೈಯನ್ನು ಹಾಗೇ ಮೊಣಕಾಲ ಮೇಲೆ ಇಟ್ಟುಕೊಂಡು ಕುಳಿತಳು.

"ನೀ ಹೇಳ್ಲಿಲ್ಲಂದ್ರೂ ನಾ ಅರ್ಧಾನೇ ತೊಗೊಂತಿದ್ದೆ ಅಕ್ಕಾ" ಎಂದಳು ರೇಣುಕಾ. "ಇದ್ದದ್ದು ಅಷ್ಟೇ, ಮುಗದ್ರ ಮತ್ತ ಎಲ್ಲಿಂದ ತರೋದು? ಆದ್ರ ಹೆದರಿಕೊಂತ ತೊಗೊಂತಿದ್ದೆ. ನೀ ಹೇಳಿದ ಮ್ಯಾಲ ಹೆದರಿಕಿ ಹೋಯ್ತು." ಚಾದರ ಎಳೆದುಕೊಂಡು ಹೇಳಿದಳು, "ಹೆದರಿಕಿ ಇದ್ದಿದ್ರ ಡಾಕ್ಟರಿಗೆ ಹೇಳ್ತಿದ್ದೆನೋ ಏನೋ."

ಅವಳ ದನಿಯಲ್ಲಿ ಸಿಟ್ಟು ಇರಲಿಲ್ಲ. ನಡೆದದ್ದನ್ನು ಯೋಚನೆ ಮಾಡಿ ಸರಿಯಾಗಿ ಹೇಳಬೇಕು ಎಂಬಂತೆ ಹೇಳಿದಳು. ಒಲೆಯ ಮೇಲಿನ ಹಂಚಿನಲ್ಲಿ ಒಂದು ರೊಟ್ಟಿ ಸೀದ ವಾಸನೆ ಬಂತು. ಅಂಬಮ್ಮ ಅದನ್ನು ಎತ್ತಿ ಪಕ್ಕಕ್ಕೆ ಹಾಕಿ, ಇನ್ನೊಂದು ಉಂಡೆ ತೆಗೆದುಕೊಂಡು ಮತ್ತೆ ಬಡಿಯತೊಡಗಿದಳು. ಆಮೇಲೆ ನನಗೆ ಎರಡು ರೊಟ್ಟಿ, ಪುಂಡಿಪಲ್ಯ ಹಾಕಿ ತಾಟು ಮುಂದೆ ಸರಿಸಿದಳು. ಉಣ್ಣು ಎಂದು ಹೇಳಲಿಲ್ಲ. ನಾನು ಉಂಡೆ.

ಹೊರಡುವಾಗ, ತಂದಿದ್ದ ಎರಡು ಸ್ಟ್ರಿಪ್ ಚೀಲದಲ್ಲೇ ಇದ್ದವು. ತೆಗೆಯುವುದೋ ಬೇಡವೋ ಎಂದು ನಾನು ಕೈ ಹಾಕಿ ನಿಂತದ್ದನ್ನು ರೇಣುಕಾ ಕಂಡಳು. ಇಸಿದುಕೊಂಡು ನೋಡಿದಳು. ಎಷ್ಟಕ್ಕೆ ತಂದಿ ಎಂದು ಕೇಳಿದಳು. ಹೇಳಿದೆ. ಅವಳು ಮುದ್ರಿತ ಬೆಲೆಯ ಮೇಲೆ ಹೆಬ್ಬೆರಳು ಇಟ್ಟಳು. ಗಂಡನ ಮನೆಯವರು ಇದನ್ನು ಪೂರಾ ಕೊಟ್ಟಿದ್ದರು ಎಂದಳು.

ಆಮೇಲೆ ತಾಯಿಗೆ ಆ ಕವರು ತಾ ಎಂದಳು. ಅಂಬಮ್ಮ ಗೂಡಿನಿಂದ ಒಂದು ಪ್ಲಾಸ್ಟಿಕ್ ಕವರು ತಂದು ಕೊಟ್ಟಳು. ಒಳಗೆ ಅದೇ ಮಾತ್ರೆ, ಏಳು ಸ್ಟ್ರಿಪ್ ಪೂರ್ತಿ, ಒಂದರಲ್ಲಿ ಆರು. ಗಂಡನ ಮನೆಯವರು ಕೊಡಿಸಿದ್ದು. ದಿನಕ್ಕೆ ಎರಡೇ ನುಂಗಿ, ಮುಂದೆ ಬೇಕಾಗುತ್ತದೆ ಎಂದು ಅವಳು ಉಳಿಸಿಕೊಂಡದ್ದು.

"ನನಗಿನ್ನ ಇದು ಬ್ಯಾಡಂದಾರ. ತಾರೀಕು ಇನ್ನೂ ಅದ, ನೋಡೀನಿ" ಎಂದಳು. "ನೀ ತೊಗೊ ಅಕ್ಕಾ. ಪೂರಾ ತೊಗೊ."

ಬೇಡ ಎನ್ನಬೇಕು ಅನಿಸಿತು. ಬೇಡ ಎಂದರೆ ಅವು ಆ ಗೂಡಿಗೇ ಹೋಗುತ್ತಿದ್ದವು. ಇಸಿದುಕೊಂಡು ನನ್ನ ಎರಡು ಸ್ಟ್ರಿಪ್ಪಿನ ಜೊತೆ ಚೀಲಕ್ಕೆ ಹಾಕಿಕೊಂಡೆ. ಅಂಬಮ್ಮ ಬಾಗಿಲವರೆಗೆ ಬಂದು ನಿಂತಳು.

ಇದಾಗಿ ಒಂದು ವರ್ಷ ಕಳೆದಿದೆ. ರೇಣುಕಾ ಈಗಲೂ ವಾರಕ್ಕೆರಡು ಸಲ ರಾಯಚೂರಿಗೆ ಹೋಗುತ್ತಾಳೆ. ನನ್ನ ತಪಾಸಣೆ ಗುರುವಾರ ಬಿದ್ದರೆ ಅವಳ ಮಂಚದ ಪಕ್ಕ ಹೋಗಿ ಕುಳಿತುಕೊಳ್ಳುತ್ತೇನೆ. ಕೆಲವು ಸಲ ಮಾತಾಡುತ್ತಾಳೆ, ಕೆಲವು ಸಲ ಗೋಡೆಗೆ ತಿರುಗಿ ಮಲಗುತ್ತಾಳೆ. ನನ್ನ ಬೆರಳುಗಳು ಮಡಚುತ್ತವೆ. ಇದೆಲ್ಲವನ್ನೂ ನಾನೇ ಟೈಪ್ ಮಾಡಿದ್ದೇನೆ.

ದೇವದುರ್ಗದಿಂದ ಬಂದ ಮರುದಿನ ಬೆಳಿಗ್ಗೆ ಅವಳ ಸ್ಟ್ರಿಪ್ಪಿನಿಂದ ಎರಡು ಮಾತ್ರೆ ಬಿಡಿಸಿ ಅಂಗೈಯಲ್ಲಿ ಇಟ್ಟುಕೊಂಡೆ. ಮಗಳು ಶಾಲೆಗೆ ಹೊರಟು ನಿಂತಿದ್ದಳು, ಜಡೆ ಹಾಕು ಎಂದು ಕರೆಯುತ್ತಿದ್ದಳು. ನುಂಗಿದೆ. ಎಪ್ಪತ್ತಾರು ಮಾತ್ರೆ, ದಿನಕ್ಕೆ ನಾಲ್ಕರಂತೆ. ಹತ್ತೊಂಬತ್ತು ದಿನ ನಾನು ಯಾವ ಅಂಗಡಿಗೂ ಹೋಗಲಿಲ್ಲ.